ಮೋಡಲ್ ಜಾಝ್ ಮತ್ತು ಕರ್ನಾಟಕ

ಸ್ವರಮೇಳಗಳ ಓಟವನ್ನು ಬಿಟ್ಟು, ಒಂದೇ ಸ್ವರಶ್ರೇಣಿಯಲ್ಲಿ ಸಾವಕಾಶವಾಗಿ ಬೆಳೆಯುವ ಜಾಝ್ ಶೈಲಿಯೇ ಮೋಡಲ್ ಜಾಝ್. ಅದಕ್ಕೂ ಹಿಂದಿನ ಬೀಬಾಪ್ ಶೈಲಿಯಲ್ಲಿ ಸ್ವರಮೇಳಗಳು (ಕಾರ್ಡ್‌ಗಳು) ಬೇಗಬೇಗ ಬದಲಾಗುತ್ತಿದ್ದವು, ವಾದಕ ಅವುಗಳ ಬೆನ್ನು ಹತ್ತಬೇಕಿತ್ತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಮೂಲಕ ಈ ಕಟ್ಟಿನಿಂದ ಹೊರಬಂದರು. ಅದರ ಮೊದಲ ರಚನೆ ‘ಸೋ ವಾಟ್’ ನಿಂತಿರುವುದು ಡೋರಿಯನ್ ಶ್ರೇಣಿಯ ಮೇಲೆ. ಅದು ನಮ್ಮ ಹಿಂದೂಸ್ತಾನಿ ಪದ್ಧತಿಯ ಕಾಫಿ ಥಾಟ್, ಕರ್ನಾಟಕ ಪದ್ಧತಿಯ ಖರಹರಪ್ರಿಯ. ನಡುವೆ ಎಂಟು ಬಾರ್‌ಗಳ ಕಾಲ ಷಡ್ಜವೇ ಅರ್ಧ ಸ್ವರ ಮೇಲೇರಿ, ಮತ್ತೆ ಮೂಲಕ್ಕೆ ಇಳಿಯುತ್ತದೆ. ರಾಗ ಕೇಳಿ ಪಳಗಿದ ಕಿವಿಗೆ ಬೆರಗು ಹುಟ್ಟಿಸುವ ಜಾಗ ಇದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೇಳುಗರಿಗೆ ಈ ಸಂಗೀತ ಕಷ್ಟವಾಗಬಾರದು. ಕಾಗವಾಡದ ಪಕ್ಕದಲ್ಲೇ ಮಿರಜ್ ಇದೆ. ಅಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನರ ಕಿರಾನಾ ಘರಾಣೆಯ ಗಾಯನ ಒಂದೊಂದೇ ಸ್ವರವನ್ನು ಬಿಡಿಸಿ ತೋರಿಸುತ್ತದೆ. ಆ ತಾಳ್ಮೆ ಇದ್ದವರಿಗೆ ಮೋಡಲ್ ಜಾಝ್‌ನ ಅರ್ಧ ದಾರಿ ಮುಗಿದಂತೆ. ಆದರೂ ಸ್ವರಗಳು ಒಂದೇ ಆದ ಮಾತ್ರಕ್ಕೆ ಡೋರಿಯನ್ ಕಾಫಿ ರಾಗವಾಗುವುದಿಲ್ಲ. ರಾಗದ ಮುಖ್ಯ ಸ್ವರಗಳಾದ ವಾದಿ, ಸಂವಾದಿಯಾಗಲಿ, ಅದರ ಗುರುತಿನ ಸ್ವರಗುಚ್ಛವಾದ ಪಕಡ್ ಆಗಲಿ ಡೋರಿಯನ್‌ಗೆ ಇಲ್ಲ.

ಮೊದಲು ಪರಿಚಯ ಮಾಡಿಕೊಳ್ಳಬೇಕಾದ ಕಲಾವಿದ ಜಾನ್ ಹ್ಯಾಂಡಿ. 1933ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದ ಈ ಆಲ್ಟೊ ಸ್ಯಾಕ್ಸೋಫೋನ್ ವಾದಕ ಚಾರ್ಲ್ಸ್ ಮಿಂಗಸ್‌ರ ತಂಡದಲ್ಲಿದ್ದವರು. 1965ರ ಮಾಂಟೆರೇ ಜಾಝ್ ಉತ್ಸವದಿಂದ ಹೆಸರಾದರು. 1975ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನ್, ತಬಲಾದ ಜಾಕಿರ್ ಹುಸೇನ್ ಜೊತೆ ‘ಕರುಣಾ ಸುಪ್ರೀಮ್’ ಧ್ವನಿಮುದ್ರಿಸಿದರು. ಮರುವರ್ಷವೇ ಬಂದ ‘ಹಾರ್ಡ್ ವರ್ಕ್’ ಸೋಲ್ ಜಾಝ್ ಕಡೆಯದು: ಕಪ್ಪು ಜನರ ಚರ್ಚಿನ ಹಾಡು ಮತ್ತು ಬ್ಲೂಸ್‌ನಿಂದ ಬಂದ, ಕಾಲು ಕುಣಿಸುವ ಲಯ ಅದರದು. ಧ್ಯಾನವೂ ಕುಣಿತವೂ ಒಬ್ಬರೇ ಕಲಾವಿದರ ಉಸಿರಿನಲ್ಲಿ ಹೀಗೆ ಹೊಂದಿಕೊಂಡದ್ದು ಅಪರೂಪ.

ಹ್ಯಾಂಡಿಯವರಿಗೆ ಕರ್ನಾಟಕದ ನಂಟು ಬೆಳೆದದ್ದು ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ. 1980ರಲ್ಲಿ ಅಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನ ಕೇಳಿದ ಹ್ಯಾಂಡಿ ಅವರೊಡನೆ ನುಡಿಸಲು ಮುಂದಾದರು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತವರು. ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ ಹೊರಡಿಸಲು ಅವರು ಪಟ್ಟ ಶ್ರಮಕ್ಕೆ ಸಮನಾದದ್ದು ನಮ್ಮ ವಾದ್ಯಚರಿತ್ರೆಯಲ್ಲಿ ಹೆಚ್ಚಿಲ್ಲ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು; 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಬೆಂಗಳೂರಿನ ಕಲಾವಿದರೊಂದಿಗೂ ಇಂಥದೇ ಕೆಲಸ ನಡೆಯಿತು. ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಭಾರತದಲ್ಲಿ ನಾಗಸ್ವರ ಕಲಿತು, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಸಿದರು. ಇದರಲ್ಲಿ ಆರ್.ಎ. ರಮಾಮಣಿಯವರ ಕಂಠವೇ ಮುಂದಾಳು. ಸ್ಯಾಕ್ಸೋಫೋನ್ ಅದರ ಹಿಂದೆ ವಿನಯದಿಂದ ನಡೆಯುತ್ತದೆ, ಜಾಝ್ ವಾದಕರಲ್ಲಿ ಎಲ್ಲರಿಗೂ ಬಾರದ ಗುಣ. ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ ರುದ್ರೇಶ ಮಹಾಂತಪ್ಪ ಮತ್ತು ಗೋಪಾಲನಾಥರ ‘ಕಿನ್ಸ್‌ಮೆನ್’ ಬಂದದ್ದು 2008ರಲ್ಲಿ. ಎರಡು ಆಲ್ಟೊ ಸ್ಯಾಕ್ಸೋಫೋನ್‌ಗಳ ಜೊತೆ ಎ. ಕನ್ಯಾಕುಮಾರಿಯವರ ಪಿಟೀಲೂ ಇಲ್ಲಿದೆ.

ಹೊಸಬರು ‘ಕರುಣಾ ಸುಪ್ರೀಮ್’ನಿಂದ ಆರಂಭಿಸಿ, ‘ಜ್ಯೋತಿ’ ಮತ್ತು ‘ಕಿನ್ಸ್‌ಮೆನ್’ ಕೇಳಿ, ಆಮೇಲೆ ‘ಕೈಂಡ್ ಆಫ್ ಬ್ಲೂ’ಗೆ ಹೋಗುವುದು ಒಳ್ಳೆಯದು.