ಹೆಸರಿನ ಮುಂದಿನ ಊರು

ಯಜಮಾನರು ನಿವೃತ್ತರಾದ ವಾರದಲ್ಲೇ ಮನೆಯಲ್ಲಿ ಪ್ರಶ್ನೆ ಎದ್ದಿತು: ಇನ್ನು ಯಾವ ಜಿಲ್ಲೆಯಲ್ಲಿ ನೆಲೆಸುವುದು? ಮೈಸೂರು ಎಂದರು ಅವರು. ಬೆಂಗಳೂರಿಗೆ ಬನ್ನಿ ಎಂದ ಮಗ. ಆಮೇಲೆ ಇವರು ನನ್ನ ಕಡೆ ತಿರುಗಿ, "ನೀನೇನು ಹೇಳ್ತೀಯೆ?" ಎಂದರು. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ವರ್ಗವಾದಾಗಲೆಲ್ಲ ಪಾತ್ರೆಪಡಗ ಕಟ್ಟಿದವಳು ನಾನೇ. ಆದರೆ ಈ ಮಾತು ಕೇಳಿದ್ದು ಅದೇ ಮೊದಲು. ಉತ್ತರ ತೋಚಲಿಲ್ಲ.

ನನ್ನ ತವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಡದ ಊರು, ಸಂಕೇತಿಗಳ ಊರು, ಸಂಗೀತದ ಊರು. ನಮ್ಮ ಪೂರ್ವಿಕರು ಸೆಂಗೋಟೆಯ ಕಡೆಯಿಂದ ಬಂದವರಂತೆ. ನಾಚಾರಮ್ಮ ಎಂಬ ಪಂಡಿತೆ ಅಲ್ಲಿನವರಿಂದ ಅವಮಾನಪಟ್ಟು ಊರು ಬಿಟ್ಟಳು, ಅವಳನ್ನು ನಂಬಿದವರು ಹಿಂದೆ ನಡೆದರು ಎಂದು ಅಜ್ಜಿ ಕಥೆ ಹೇಳುತ್ತಿದ್ದರು. ಅದು ಐತಿಹ್ಯವೇ ಇರಲಿ, ಊರು ಬಿಡುವ ತೀರ್ಮಾನ ಅದರಲ್ಲಿ ಒಬ್ಬ ಹೆಂಗಸಿನದು.

ಬಂದವರಲ್ಲಿ ಕೆಲವರು ಹಾಸನದ ಬಳಿಯ ಕೌಶಿಕದಲ್ಲಿ ನಿಂತರು, ಕೆಲವರು ಇಂದಿನ ಮೈಸೂರು ಜಿಲ್ಲೆಯ ಬೆಟ್ಟದಪುರದಲ್ಲಿ. ನಿಂತ ಜಾಗವೇ ಹೆಸರಾಯಿತು: ಕೌಶಿಕ ಸಂಕೇತಿ, ಬೆಟ್ಟದಪುರ ಸಂಕೇತಿ. ಬಹುಕಾಲ ಈ ಎರಡು ಕವಲುಗಳ ನಡುವೆ ಹೆಣ್ಣು ಕೊಟ್ಟು ತರುವ ರೂಢಿ ಇರಲಿಲ್ಲ. ಹಿರಿಯರು ಗಂಟು ಇಳಿಸಿದ ಜಾಗವೇ ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳ ಗಂಡನ ಮನೆಯನ್ನು ಗೊತ್ತುಮಾಡಿತು. ಸೆಂಗೋಟೆಯಲ್ಲೇ ಉಳಿದವರಿಗೂ ಆಯ್ಕೆ ಇರಲಿಲ್ಲವೆನ್ನಿ. ಒಂದು ಕಾಲಕ್ಕೆ ತಿರುವಾಂಕೂರಿಗೆ ಸೇರಿದ್ದ ಆ ಊರು 1956ರಲ್ಲಿ ಮದರಾಸು ರಾಜ್ಯಕ್ಕೂ 2019ರಲ್ಲಿ ಹೊಸ ತೆಂಕಾಶಿ ಜಿಲ್ಲೆಗೂ ಸೇರಿತು. ಮನೆ ಅಲುಗಲಿಲ್ಲ, ಗಡಿ ಅಲುಗಿತು.

ಊರು ಬಿಟ್ಟರೂ ಊರನ್ನು ಜೊತೆಗೆ ಒಯ್ಯುವ ಉಪಾಯ ನಮ್ಮ ಸಂಗೀತಗಾರರಿಗೆ ಗೊತ್ತಿತ್ತು. 1920ರಲ್ಲಿ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಮೈಸೂರು, ಬೆಂಗಳೂರುಗಳಲ್ಲಿ ಬಾಳಿದರು. 2011ರಲ್ಲಿ ಪದ್ಮಭೂಷಣ ಬಂದಾಗಲೂ ಹೆಸರಿನ ಮೊದಲ ಅಕ್ಷರದಲ್ಲಿ ರುದ್ರಪಟ್ಟಣವೇ ಇತ್ತು. ತ್ಯಾಗರಾಜನ್, ತಾರಾನಾಥನ್ ಅವರನ್ನು ರಸಿಕರು ರುದ್ರಪಟ್ಟಣಂ ಸಹೋದರರೆಂದೇ ಕರೆದರು.

ಅಜ್ಜಿಯೂ ಹಾಡುತ್ತಿದ್ದರು, ಒಲೆಯ ಮುಂದೆ ಕೂತು. ಅವರ ಹೆಸರಿನ ಮುಂದೆ ಯಾವ ಊರೂ ಇರಲಿಲ್ಲ. ನನ್ನ ಹೆಸರಿನ ಮುಂದಿದ್ದ 'ಆರ್' ಮದುವೆಯ ಬಳಿಕ ಪಡಿತರ ಚೀಟಿ ಬರೆಸುವಾಗ ಬಿಟ್ಟುಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಮೂರು ದಿನ ಯೋಚಿಸಿ ಹೇಳಿದೆ: "ಹಾಸನ ಜಿಲ್ಲೆಯೇ ಇರಲಿ, ಅರಕಲಗೂಡು. ಮನೆ ನಾನೇ ನೋಡ್ತೀನಿ."

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವಾಗ ಹೋಗೋಣ?" ಎಂದರು.