ಸೈಕಲ್ ಗಂಟೆಯ ಹಿಂದಿನ ಇತಿಹಾಸ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಮಚ್ಛೆಗೆ ಕಾರ್ಖಾನೆಗಳು ಬಂದವು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇಲ್ಲಿಯೇ ನೆಲೆಸಿತು. ಅವುಗಳೊಡನೆ ರಸ್ತೆಯ ಸದ್ದೂ ಬದಲಾಯಿತು. ಮಗಳ ಸೈಕಲ್ಲಿಗೆ ಗಂಟೆ ಹಾಕಿಸಬೇಕೋ ಹಾರ್ನ್ ಹಾಕಿಸಬೇಕೋ ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದರು. ಇತಿಹಾಸ ಕಲಿಸಿದ ಮಾಸ್ತರನಿಗೆ ಉತ್ತರವೂ ಇತಿಹಾಸದಲ್ಲಿಯೇ ಹೊಳೆಯುತ್ತದೆ.

ಎತ್ತಿನ ಕೊರಳ ಗೆಜ್ಜೆ, ಕುದುರೆಯ ಗೊರಸಿನ ಸಪ್ಪಳ ಇವು ಗಾಡಿಯ ಆಗಮನವನ್ನು ಮೊದಲೇ ಸಾರುತ್ತಿದ್ದವು. ಸೈಕಲ್ಲಿಗೆ ಅಂತಹ ಸಪ್ಪಳವಿರಲಿಲ್ಲ. ಈ ಕೊರತೆ ನೀಗುವ ಗಂಟೆಯನ್ನು 1877ರ ಸುಮಾರಿಗೆ ಇಂಗ್ಲೆಂಡಿನ ಜಾನ್ ರಿಚರ್ಡ್ ಡೆಡಿಕೋಟ್ ರೂಪಿಸಿದನೆಂದು ಹೇಳುತ್ತಾರೆ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಯರನ್ನು ತಂದ ಮೇಲಂತೂ ಸೈಕಲ್ ಇನ್ನೂ ನಿಶ್ಶಬ್ದವಾಯಿತು. ಅದೇ ವರ್ಷ ಇಂಗ್ಲೆಂಡಿನ ಸ್ಥಳೀಯ ಸರ್ಕಾರ ಕಾಯ್ದೆಯು, ಗಾಡಿಯನ್ನಾಗಲಿ ಪಾದಚಾರಿಯನ್ನಾಗಲಿ ದಾಟುವ ಮುನ್ನ ಸವಾರನು ಗಂಟೆ, ಸೀಟಿ ಅಥವಾ ಬೇರೆ ಸದ್ದಿನಿಂದ ಎಚ್ಚರಿಸಬೇಕೆಂದು ವಿಧಿಸಿತು. ಗಂಟೆಯ ಮೂಲ ಉದ್ದೇಶ ನಡೆಯುವವನ ರಕ್ಷಣೆ ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮ ದೇಶದಲ್ಲಿ 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ ಆರಂಭವಾದವು. ಮುಂದೆ 'ಟ್ರಿಣ್ ಟ್ರಿಣ್' ನಾದ ಹಳ್ಳಿಹಳ್ಳಿಗೂ ಮುಟ್ಟಿತು. ಹೆಬ್ಬೆರಳಿನಿಂದ ಸನ್ನೆಯನ್ನು ಒತ್ತಿದರೆ ಒಳಗಿನ ಹಲ್ಲುಚಕ್ರಗಳು ತಿರುಗಿ, ಸಡಿಲ ಬಿಲ್ಲೆಗಳು ಬಟ್ಟಲಿಗೆ ಬಡಿಯುತ್ತವೆ. ಸ್ಪ್ರಿಂಗು ಸನ್ನೆಯನ್ನು ಮರಳಿ ತರುತ್ತದೆ. ಐಸ್‌ಕ್ಯಾಂಡಿ ಮಾರುವವರ ರಬ್ಬರ್ ಹಾರ್ನಿನಲ್ಲಿ ಗಾಳಿ ನುಗ್ಗಿ ತೆಳುವಾದ ಲೋಹದ ನಾಲಿಗೆ ಕಂಪಿಸುತ್ತದೆ. ಗಿರಾಕಿಗಳನ್ನು ಕರೆಯಲು ಅದು ಉತ್ತಮ. ಆದರೆ ಅದನ್ನು ಹಿಸುಕಲು ಕೈಯನ್ನು ಬ್ರೇಕಿನಿಂದ ತೆಗೆಯಬೇಕು, ಬಿಸಿಲಿಗೆ ರಬ್ಬರು ಬಿರಿಯುತ್ತದೆ.

ಆದುದರಿಂದ ಮಗುವಿಗೆ ಗಂಟೆಯೇ ಲೇಸು. ಹಿಡಿ ಬಿಡದೆ ಹೆಬ್ಬೆರಳಿಗೆ ಎಟಕುವಂತಿರಲಿ. ಬಟ್ಟಲು ಹ್ಯಾಂಡಲ್ಲಿಗೆ ತಾಗಿದರೆ ನಾದ ಸಾಯುತ್ತದೆ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಒಂದೆರಡು ಹನಿ ಎಣ್ಣೆ ಬಿಡಿರಿ. ಬ್ಯಾಟರಿ ಹಾರ್ನಿನ ಅಬ್ಬರಕ್ಕೆ ಮುದುಕರು ಬೆಚ್ಚಿ, ಸರಿಯಬೇಕಾದ ಕಡೆ ಬಿಟ್ಟು ಸೈಕಲ್ಲಿಗೇ ಅಡ್ಡ ಬಂದಾರು.

ಒಂದು ಮಾತು ಮಾತ್ರ ಮರೆಯಬಾರದು. ಗಾಜು ಏರಿಸಿಕೊಂಡ ಲಾರಿಯ ಚಾಲಕನಿಗೆ ಯಾವ ಗಂಟೆಯೂ ಕೇಳಿಸದು. ಖಾನಾಪುರ ರಸ್ತೆಗೆ ಇಳಿಯುವ ಮಗುವಿಗೆ ಹಿಂದೆ ಹೊಳೆಯುವ ಕೆಂಪು ಬಿಲ್ಲೆ, ರಾತ್ರಿಗೆ ದೀಪ, ಬಿಗಿಯಾದ ಬ್ರೇಕು ಇವುಗಳನ್ನು ಮೊದಲು ಕೊಡಿಸಿ, ಆಮೇಲೆ ಗಂಟೆಯನ್ನು ಆರಿಸಿರಿ.