ಪೋಸ್ಟ್‌ಗ್ರೆಸ್‌ಕ್ಯೂಎಲ್

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಕಾಪಾಡುವ ಮುಕ್ತ ತಂತ್ರಾಂಶ, ಡೇಟಾಬೇಸ್ ಸರ್ವರ್. 1986ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ ‘ಪೋಸ್ಟ್‌ಗ್ರೆಸ್’ ಸಂಶೋಧನಾ ಯೋಜನೆಯಾಗಿ ಆರಂಭವಾಯಿತು. 1994ರಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಇದಕ್ಕೆ ಡೇಟಾಬೇಸನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆಯನ್ನು ಅಳವಡಿಸಿದರು. 1996ರಲ್ಲಿ ಈಗಿನ ಹೆಸರು ಬಂದಿತು.

ಹಂತಹಂತದ ಸುಧಾರಣೆಯೇ ಇದರ ಬೆಳವಣಿಗೆಯ ಕ್ರಮ. 1999ರ 6.5ನೇ ಆವೃತ್ತಿಯಲ್ಲಿ ಬಹು-ಆವೃತ್ತಿ ನಿಯಂತ್ರಣ ಬಂದಿತು: ಸಾಲೊಂದನ್ನು ತಿದ್ದಿದಾಗ ಹಳೆಯ ಸಾಲು ಹಾಗೇ ಉಳಿದು ಹೊಸದು ಪಕ್ಕದಲ್ಲಿ ಸೇರುತ್ತದೆ, ಓದುವವರು ಬರೆಯುವವರಿಗಾಗಿ ಕಾಯಬೇಕಿಲ್ಲ. ಇದರಿಂದ ಬಳಕೆಯಿಲ್ಲದ ಸಾಲುಗಳು ಗುಡ್ಡೆಬೀಳುತ್ತವೆ. ಅವುಗಳ ಜಾಗವನ್ನು ಮರಳಿ ಬಳಕೆಗೆ ತರುವ ‘ವ್ಯಾಕ್ಯೂಮ್’ ಕೆಲಸವನ್ನು 2005ರ 8.1ನೇ ಆವೃತ್ತಿಯಿಂದ ಸರ್ವರ್ ತಾನೇ ಮಾಡಿಕೊಳ್ಳಬಲ್ಲುದು, 8.3ರಲ್ಲಿ (2008) ಅದು ಪೂರ್ವನಿಯೋಜಿತ ವ್ಯವಸ್ಥೆಯಾಯಿತು.

2001ರ 7.1ನೇ ಆವೃತ್ತಿ ಬದಲಾವಣೆಗಳನ್ನು ಮೊದಲು ದಿನಚರಿ ಕಡತದಲ್ಲಿ ದಾಖಲಿಸುವ ಪದ್ಧತಿ ತಂದಿತು. ವಿದ್ಯುತ್ ಹೋದರೂ ಪೂರ್ಣಗೊಂಡ ವಹಿವಾಟು ಅಳಿಯದು. ಇದೇ ದಾಖಲೆಯನ್ನು ಇನ್ನೊಂದು ಯಂತ್ರಕ್ಕೆ ಸತತವಾಗಿ ಹರಿಸುವ ಸೌಲಭ್ಯ 9.0ರಲ್ಲಿ (2010) ಸೇರಿತು. ಜೇಸನ್ ರೂಪದ ಮಾಹಿತಿಯನ್ನು ದ್ವಿಮಾನ ರೂಪದಲ್ಲಿ ಇಡುವ ಜೇಸನ್‌ಬಿ ಮಾದರಿ 9.4ರಲ್ಲಿ (2014), ಪ್ರಶ್ನೆಗಳ ಸಮಾಂತರ ನಿರ್ವಹಣೆ 9.6ರಲ್ಲಿ (2016) ಬಂದವು. ಮೊದಲು, ಪೂರ್ವನಿಗದಿತ ಮೌಲ್ಯವುಳ್ಳ ಹೊಸ ಕಂಬಸಾಲನ್ನು ಸೇರಿಸಲು ಇಡೀ ಕೋಷ್ಟಕವನ್ನೇ ಮರುಬರೆಯಬೇಕಿತ್ತು. ಸ್ಥಿರ ಮೌಲ್ಯಗಳ ಮಟ್ಟಿಗೆ 11ನೇ ಆವೃತ್ತಿ (2018) ಆ ಮರುಬರಹವನ್ನು ತಪ್ಪಿಸಿತು.

ಸಾಮಾನ್ಯವಾಗಿ ವರ್ಷಕ್ಕೊಂದು ಪ್ರಮುಖ ಆವೃತ್ತಿಯೂ ಮೂರು ತಿಂಗಳಿಗೊಮ್ಮೆ ದೋಷ ನಿವಾರಣೆಯ ಕಿರು ಆವೃತ್ತಿಗಳೂ ಹೊರಬರುತ್ತವೆ. ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ಬೆಂಬಲವಿರುತ್ತದೆ.